ಕಾಲಿನ ತುರಿಕೆ: ಮುಲಾಮಿಗೆ ಮೊದಲು ಚಪ್ಪಲಿ ನೋಡಿ

ಕಾಲಿನಲ್ಲಿ ತುರಿಸುವ ಕೆಂಪು ಗುಳ್ಳೆಗಳೆದ್ದರೆ ಅವು ಎಲ್ಲಿ ಎದ್ದಿವೆ ಎಂಬುದನ್ನು ಮೊದಲು ಗಮನಿಸಿ. ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚಿನಂತೆ ಇದ್ದರೆ ರಬ್ಬರಿನ ರಾಸಾಯನಿಕವೋ, ಚರ್ಮ ಹದ ಮಾಡುವ ಕ್ರೋಮಿಯಮ್ಮೋ ಕಾರಣವಿರಬಹುದು. ಕಾಲ್ಗೆಜ್ಜೆಯ ಸುತ್ತ ಇದ್ದರೆ ನಿಕ್ಕಲ್. ಇಂಥ ಅಲರ್ಜಿ ಸಾಮಾನ್ಯವಾಗಿ ತಾಗಿದ ಒಂದೆರಡು ದಿನ ಬಿಟ್ಟು ಏಳುತ್ತದೆ. ಬಹುಕಾಲ ತೊಟ್ಟ ಚಪ್ಪಲಿಗೂ ಒಂದು ದಿನ ಶುರುವಾಗಬಹುದು. ನಾವೋ ಚಪ್ಪಲಿಯನ್ನು ಬಿಟ್ಟು ನಿನ್ನೆ ತಿಂದ ಬದನೆಕಾಯಿಯನ್ನು ದೂರುತ್ತೇವೆ.

ಕೆಂಗೇರಿ ಕಡೆ ಖಾಲಿ ಸೈಟು ದಾಟಿ ಓಡಾಡುವವರು ಕಾಂಗ್ರೆಸ್ ಗಿಡವನ್ನೂ ಶಂಕಿಸಬೇಕು. ಅದರ ಅಲರ್ಜಿ ಕಾಲಿಗಷ್ಟೇ ನಿಲ್ಲದೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲೂ ಕಾಣುತ್ತದೆ. ಆ ಗಿಡ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಡಲಾಯಿತು. ಗಿಡ ಮಾತ್ರ ಹೋಗಿಲ್ಲ.

ವುಝೂ ಮಾಡಿ ಒದ್ದೆ ಕಾಲನ್ನೇ ಶೂಗೆ ತೂರಿಸಬೇಡಿ. ತೇವಕ್ಕೆ ಶೂವಿನ ರಾಸಾಯನಿಕ ಬಿಟ್ಟುಕೊಂಡು ಚರ್ಮಕ್ಕೆ ತಾಗುತ್ತದೆ. ಬೆರಳ ಸಂದಿಗಳನ್ನು ಒರೆಸಿ ಒಣಗಿಸಿ. ಸಂದಿ ಬೆಳ್ಳಗಾಗಿ ಬಿರಿದಿದ್ದರೆ ಅದು ಹೆಚ್ಚಾಗಿ ಅಲರ್ಜಿಯಲ್ಲ, ಫಂಗಸ್. ಅದಕ್ಕೆ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ಅಡಗಿದಂತೆ ಕಂಡು ಫಂಗಸ್ ಹರಡುತ್ತದೆ. 2018ರಿಂದ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ. ಆದರೂ ಮೆಡಿಕಲ್ ಶಾಪಿನಲ್ಲಿ ಬಾಯಿಮಾತಲ್ಲೇ ಕೇಳಿ ತರುವವರಿದ್ದಾರೆ.

ಅನುಮಾನದ ಚಪ್ಪಲಿಯನ್ನು ಎರಡು ಮೂರು ವಾರ ಬಿಟ್ಟು ನೋಡಿ. ಕಡಿಮೆಯಾಗದಿದ್ದರೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯ ಬಗ್ಗೆ ಚರ್ಮವೈದ್ಯರನ್ನು ಕೇಳಿ. ಇಎಸ್‌ಐ ಕಾರ್ಡಿರುವ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಆ ಚಪ್ಪಲಿಯನ್ನೂ, ಹಚ್ಚಿದ ಮುಲಾಮಿನ ಟ್ಯೂಬನ್ನೂ ಒಯ್ಯಿರಿ. ಕೀವು, ಜ್ವರ, ಒತ್ತಿದರೂ ಮಾಸದ ನೇರಳೆ ಚುಕ್ಕೆ ಕಂಡರೆ ಅಂದೇ ತೋರಿಸಿ. ಸಕ್ಕರೆ ಕಾಯಿಲೆಯವರು ಸಣ್ಣ ಬಿರುಕಿಗೂ ಕಾಯುವುದು ಬೇಡ.