ಮನೆಯ ಚಿತ್ರಮಂದಿರದ ಗಣಕಕ್ಕೆ ಗ್ರಾಫಿಕ್ಸ್ ಕಾರ್ಡು: ಒಂದು ತುಲನೆ

ಚಲಚ್ಚಿತ್ರಗಳನ್ನು ನೋಡುವುದಕ್ಕಾಗಿ ಟೆಲಿವಿಷನ್ನಿಗೆ ಜೋಡಿಸಿದ ಗಣಕಯಂತ್ರಕ್ಕೆ ಎಂತಹ ಗ್ರಾಫಿಕ್ಸ್ ಕಾರ್ಡು ತಕ್ಕುದು ಎಂಬ ಪ್ರಶ್ನೆ ಇತಿಹಾಸಕಾರರಿಗೆ ಹೊರತಾದುದೆಂದು ಕೆಲವರಿಗೆ ತೋರಬಹುದು. ಆದರೆ ಬೆಲೆಯ ಪಟ್ಟಿಗಿಂತ ಕಾಲಾನುಕ್ರಮವೇ ಇಲ್ಲಿ ಹೆಚ್ಚು ನೆರವಾಗುವುದರಿಂದ ನಾವು ಇದನ್ನು ಕೈಗೆತ್ತಿಕೊಂಡಿದ್ದೇವೆ.

ಮೊದಲು ಕಾರ್ಯದ ಸ್ವರೂಪವನ್ನು ನೋಡೋಣ. ಬ್ಲೂ-ರೇ ತಟ್ಟೆಯ ಒಂದೊಂದು ಚಿತ್ರದಲ್ಲಿಯೂ 20,73,600 ಬಿಂದುಗಳಿರುತ್ತವೆ. ಸಿನಿಮಾ ಆದರೆ ಇಂತಹ ಸುಮಾರು 24 ಚಿತ್ರಗಳು ಪ್ರತಿ ಸೆಕೆಂಡಿಗೂ ತೆರೆಗೆ ಬರಬೇಕು. ಇವನ್ನು ಇಡಿಯಾಗಿ ತುಂಬಿಡಲು ಸ್ಥಳ ಸಾಲದು. ಆದುದರಿಂದ 2003ರಲ್ಲಿ ರೂಪುಗೊಂಡ ಎಚ್.264 ಮುಂತಾದ ಪದ್ಧತಿಗಳು ನೆರೆಯ ಚಿತ್ರಗಳಿಂದ ಊಹಿಸಲಾಗದ ಅಂಶವನ್ನು ಮಾತ್ರ ಸಂಕೇತವಾಗಿ ಬರೆದಿಡುತ್ತವೆ. ಈ ಸಂಕೇತವನ್ನು ಬಿಡಿಸುವ ಮೊದಲ ಹಂತದಲ್ಲಿ ಹಿಂದಿನದನ್ನು ಓದಿದ ಹೊರತು ಮುಂದಿನದರ ಅರ್ಥವಾಗದು. ಕಾರ್ಡಿನ ನೂರಾರು ಗಣನಾಂಗಗಳು ಏಕಕಾಲದಲ್ಲಿ ದುಡಿಯಬಲ್ಲವಾದರೂ ಸರದಿಯಿಂದ ನಡೆಯಬೇಕಾದ ಈ ಕೆಲಸಕ್ಕೆ ಅವುಗಳ ಬಲ ಒದಗುವುದಿಲ್ಲ. ಇದಕ್ಕೆಂದೇ ರಚಿಸಿದ ಪ್ರತ್ಯೇಕ ಡಿಕೋಡರ್ ಬೇಕು. ಇಲ್ಲವಾದರೆ ಹೊರೆಯೆಲ್ಲ ಮುಖ್ಯ ಪ್ರೊಸೆಸರಿನ ಮೇಲೆ ಬೀಳುತ್ತದೆ. ಯಂತ್ರ ಬಿಸಿಯೇರಿ, ಫ್ಯಾನಿನ ಸದ್ದು ನಾಯಕಿಯ ಹಾಡಿನೊಡನೆ ಬೆರೆಯುತ್ತದೆ.

2006ರ ನವೆಂಬರಿನಲ್ಲಿ ಎನ್‌ವಿಡಿಯಾ ಸಂಸ್ಥೆ ಹೊರತಂದ 8800 ಜಿ.ಟಿ.ಎಕ್ಸ್. ಆಟಗಳಿಗೆ ಆಗ ಸಾಟಿಯಿಲ್ಲದ ಕಾರ್ಡು. ಆದರೂ ಎಚ್.264 ಸಂಕೇತವನ್ನು ಅದು ಪೂರ್ಣವಾಗಿ ಬಿಡಿಸಲಾರದು. ಮರುವರ್ಷ ಬಂದ, ಬೆಲೆಯಲ್ಲಿ ಬಹಳ ಕೆಳಗಿನ 8500 ಮತ್ತು 8600 ಕಾರ್ಡುಗಳು ಅದನ್ನು ಪೂರ್ಣವಾಗಿ ಬಿಡಿಸಿದವು, ವಿ.ಸಿ.-1 ಪದ್ಧತಿಯ ಮೊದಲ ಹಂತವನ್ನು ಮಾತ್ರ ಪ್ರೊಸೆಸರಿಗೆ ಬಿಟ್ಟವು. ಎ.ಎಂ.ಡಿ.ಯಲ್ಲಿಯೂ ಇದೇ ಕಥೆ: 2007ರ ರೇಡಿಯಾನ್ 2900 ಎಕ್ಸ್.ಟಿ.ಯಲ್ಲಿ ಇಲ್ಲದ ಡಿಕೋಡರ್ ಅದೇ ವರ್ಷದ ಅಗ್ಗದ 2400, 2600ಗಳಲ್ಲಿದ್ದು ಎರಡು ಪದ್ಧತಿಗಳನ್ನೂ ನಿರ್ವಹಿಸಿತು. 2014ರ ಜಿ.ಟಿ.ಎಕ್ಸ್. 980 ಮತ್ತು 2015ರ 960ರ ನಡುವೆ, ಈ ಸಲ ಎಚ್.265ರ ವಿಷಯದಲ್ಲಿ, ಇದೇ ಸಂಬಂಧವನ್ನು ಕಾಣುತ್ತೇವೆ.

ಡಿಕೋಡರ್ ಒಂದೇ ಸಾಲದು. ಸಿನಿಮಾ ತಟ್ಟೆಗಳ ವೇಗ ಬಹುತೇಕ ಸೆಕೆಂಡಿಗೆ 23.976 ಚಿತ್ರಗಳು. 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದಕ್ಕೆ ಬದಲಾಗಿ 24ರ ವೇಗದಲ್ಲಿ ತೆರೆಗೆ ಕಳುಹಿಸುತ್ತಿದ್ದಿತು. ಅಂತರ ಅತ್ಯಲ್ಪವೇ ಸರಿ; ಆದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಮೂಡಿ ದೃಶ್ಯ ಕ್ಷಣಮಾತ್ರ ತಡವರಿಸುವುದು. ಮೆಲ್ಲನೆ ಚಲಿಸುವ ದೃಶ್ಯಗಳಲ್ಲಿ ಇದು ಕಣ್ಣಿಗೆ ಚುಚ್ಚುತ್ತದೆ. ಅಂತಹ ಹಳೆಯ ಯಂತ್ರವನ್ನು ಅಗ್ಗವಾಗಿ ಕೊಳ್ಳುವವರು ಇದನ್ನು ನೆನಪಿಡತಕ್ಕದ್ದು.

ಹಾಗೆಂದು ಹೊಸದೆಲ್ಲ ಮೇಲೆಂದು ತಿಳಿಯಲಾಗದು. ಎ.ವಿ.1 ಪದ್ಧತಿಯನ್ನು 2020ರ ರೇಡಿಯಾನ್ 6800 ಬಿಡಿಸುತ್ತದೆ. ಅದೇ ಪೀಳಿಗೆಯದಾಗಿ 2022ರಲ್ಲಿ ಬಂದ 6500 ಎಕ್ಸ್.ಟಿ. ಬಿಡಿಸಲಾರದು.