ಬೀಜವಿಲ್ಲದ ಹೂಗಳ ವಂಶ

ನಮ್ಮ ರಾಣೆಬೆನ್ನೂರು ಸೀಮೆ ಬೀಜದ ಸೀಮೆಯೆಂದು ಹೆಸರಾದುದು. ಹತ್ತಿ, ಟೊಮೆಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜಗಳನ್ನು ಇಲ್ಲಿಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸಿ, ಕೈಯಿಂದಲೇ ಪರಾಗವಿಟ್ಟು ಬೆಳೆಯುತ್ತಾರೆ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ಎರಡು ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ಪಡೆದ ಸಂಗತಿ ಈ ಭಾಗದ ರೈತರಿಗೆ ಹೊಸದಲ್ಲ. ಅಂಥ ಬೆಳೆಯ ಬೀಜವನ್ನೇ ಮತ್ತೆ ಬಿತ್ತಿದರೆ ತಳಿಯ ಗುಣ ಚೆದರಿಹೋಗುತ್ತದೆಂಬುದನ್ನೂ ಅವರು ಬಲ್ಲರು. ಆದರೆ ಅದೇ ರೈತನ ಹಿತ್ತಲಲ್ಲಿ ನಿಂತ, ಎಸಳು ತುಂಬಿದ ದಾಸವಾಳಕ್ಕೆ ಈ ಚಿಂತೆಯೇ ಇಲ್ಲ. ಅದು ಬೀಜವನ್ನೇ ಕಟ್ಟುವುದಿಲ್ಲ.

ಎಸಳು ತುಂಬಿದ ನಂದಿಬಟ್ಟಲೂ ಹಾಗೆಯೇ, ದುಂಡುಮಲ್ಲಿಗೆಯೂ ಹಾಗೆಯೇ. ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟು ಹೂವಿಗೆ ತುಂಬುತನ ತಂದಿರುತ್ತವೆ. ಅಂದಕ್ಕೆ ತೆತ್ತ ಬೆಲೆ ಸಂತಾನ. ದಾಸವಾಳವನ್ನಂತೂ ಯಾವ ಕಾಡಿನಲ್ಲಿಯೂ ತಾನಾಗಿ ಬೆಳೆದುದನ್ನು ಸಸ್ಯಶಾಸ್ತ್ರಜ್ಞರು ಕಂಡಿಲ್ಲ. 1753ರಲ್ಲಿ ಲಿನೀಯಸ್ ಅದಕ್ಕೆ ಚೀನದ ಗುಲಾಬಿಯೆಂಬ ಅರ್ಥದ ಹೆಸರಿಟ್ಟಾಗಲೂ ಅದು ಮನುಷ್ಯರ ತೋಟದ ಗಿಡವೇ ಆಗಿತ್ತು. ಅಂದರೆ ನಾವು ಇಂದು ದೇವರಿಗೆ ಏರಿಸುವ ಹೂವು ಒಬ್ಬರ ಕೈಯಿಂದ ಒಬ್ಬರ ಕೈಗೆ, ಕಡ್ಡಿಯಿಂದ ಕಡ್ಡಿಗೆ ದಾಟಿಕೊಂಡು ಬಂದುದು. ಎಲ್ಲಿಯೋ ಒಂದು ಮನೆಯವರು ಕಡ್ಡಿ ಮುರಿದು ಕೊಡುವುದನ್ನು ನಿಲ್ಲಿಸಿದರೆ ಆ ಗಿಡದೊಡನೆ ಅದರ ವಂಶವೂ ಮುಗಿಯುತ್ತದೆ. ಹಳೆಯ ಹಿತ್ತಲುಗಳೆಲ್ಲ ಸಿಮೆಂಟು ಕಾಣುತ್ತಿರುವ ಈ ದಿನಗಳಲ್ಲಿ ಇದು ಕೇವಲ ಕಲ್ಪನೆಯ ಭಯವಲ್ಲ.

ಐರಣಿ ತುಂಗಭದ್ರೆಯ ದಂಡೆಯ ಊರು. ಇಲ್ಲಿಯ ಓಣಿಗಳಲ್ಲಿ ಅಡ್ಡಾಡುವಾಗ ಗೋಡೆಯ ಮೇಲಿಂದ ಇಣುಕುವ ದಾಸವಾಳಗಳನ್ನು ನೋಡುತ್ತೇನೆ. ಕೆಳಗೆ ಆಳೆತ್ತರ ಬರಿಯ ಕಟ್ಟಿಗೆ. ತುದಿಯಲ್ಲಿ ನಾಲ್ಕು ಎಲೆ, ಎರಡು ಹೂ. ಕೀಳಬೇಕೆಂದರೆ ಮಕ್ಕಳು ಗೋಡೆ ಹತ್ತಬೇಕು. ಇದಕ್ಕೆ ಗೊಬ್ಬರ ಸಾಲದೆಂದು ಭಾವಿಸಿ ಇನ್ನಷ್ಟು ಗೊಬ್ಬರ ಸುರಿದರೆ ಗಿಡ ಇನ್ನಷ್ಟು ಉದ್ದವಾಗುತ್ತದೆ, ಅಷ್ಟೆ.

ಕಾರಣ ತುದಿಯ ಕುಡಿಯಲ್ಲಿದೆ. ಅಲ್ಲಿ ಹುಟ್ಟುವ ‘ಆಕ್ಸಿನ್’ ಎಂಬ ದ್ರವ್ಯ ಕಾಂಡದಲ್ಲಿ ಕೆಳಗಿಳಿಯುತ್ತ, ಎಲೆಯ ಕಂಕುಳಲ್ಲಿರುವ ಮೊಗ್ಗುಗಳನ್ನು ಮಲಗಿಸಿಡುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಗಿಡದ ಕುಡಿ ಚಿವುಟಿ, ಆ ಗಾಯದ ಮೇಲೆ ಆಕ್ಸಿನ್ ಇಟ್ಟು ನೋಡಿದರು. ಕುಡಿ ಹೋಗಿದ್ದರೂ ಕೆಳಗಿನ ಮೊಗ್ಗುಗಳು ಏಳಲಿಲ್ಲ. 2014ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಬಟಾಣಿ ಗಿಡದಲ್ಲಿ ಇನ್ನೊಂದು ಸಂಗತಿಯನ್ನು ಕಂಡರು: ತುದಿ ಕತ್ತರಿಸಿದೊಡನೆ ಅದು ಸೆಳೆದುಕೊಳ್ಳುತ್ತಿದ್ದ ಸಕ್ಕರೆಯ ಅಂಶ ಕೆಳಗಿನ ಮೊಗ್ಗುಗಳಿಗೆ ಹರಿದು, ಅದೇ ಅವುಗಳನ್ನು ಮೊದಲು ಎಬ್ಬಿಸುತ್ತದೆ. ಹಿರಿಯಣ್ಣನೊಬ್ಬನೇ ಉಣ್ಣುತ್ತಿದ್ದ ಮನೆಯಲ್ಲಿ ತಮ್ಮಂದಿರಿಗೂ ಎಲೆ ಹಾಕಿದಂತೆ!

ಇಷ್ಟೆಲ್ಲ ವಿಜ್ಞಾನವನ್ನು ನಮ್ಮ ನೆರೆಯ ಮುದುಕಿಯೊಬ್ಬರಿಗೆ ಹೇಳಿದೆ. ಅವರ ಹಿತ್ತಲಲ್ಲಿ ಕೆನೆಬಣ್ಣದ ಒಂದು ಮುದ್ದೆ ದಾಸವಾಳವಿತ್ತು. ಊರಲ್ಲಿ ಅಂಥದು ಇನ್ನೊಂದನ್ನು ನಾನು ಕಂಡಿರಲಿಲ್ಲ. ಬುಡದ ಕಾಂಡ ಟೊಳ್ಳಾಗತೊಡಗಿತ್ತು.

“ಹೂವಿನ ಗಿಡಕ್ಕ ಕಬ್ಬಣ ಮುಟ್ಟಸಬಾರದ್ರೀ ಮಾಸ್ತರ್ರ,” ಎಂದರು ಅವರು. “ನಮ್ಮವ್ವ ಕೊಟ್ಟ ಗಿಡಾ ಇದು.”

“ಗಿಡಾ ಕೊಟ್ಟಿದ್ರೋ ಕಡ್ಡಿ ಕೊಟ್ಟಿದ್ರೋ ಅವ್ವಾ?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಡ್ಡೀನ,” ಎಂದರು. “ಒದ್ದಿ ಅರಿವ್ಯಾಗ ಸುತ್ತಿ, ಬುತ್ತಿ ಗಂಟಿನ ಮ್ಯಾಲ ಇಟ್ಟಿದ್ಲು.”

ಆ ಮೃಗಶಿರಾ ಮಳೆಗೆ ಒಂಬತ್ತು ಕಡ್ಡಿ ತೆಗೆದೆವು. ಐದು ಹತ್ತಿದವು.

ಹೇಗೆ ತೆಗೆಯಬೇಕೆಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಸವರಿದ ಗಿಡ ಎರಡು-ಮೂರು ತಿಂಗಳು ಹೂವಿಲ್ಲದೆ ನಿಲ್ಲುತ್ತದೆ. ಮಳೆಗಾಲದ ಮೊದಲಿಗೆ ಪೂರಾ ಸವರಿಬಿಟ್ಟರೆ ಶ್ರಾವಣದಲ್ಲಿ ಮನೆಯ ಹೆಣ್ಣುಮಕ್ಕಳ ಮಾತು ಕೇಳಬೇಕಾಗುತ್ತದೆ. ಮೂರರಲ್ಲಿ ಒಂದು ಪಾಲು ಟೊಂಗೆಗಳನ್ನು ಈ ವರ್ಷ, ಇನ್ನೊಂದು ಪಾಲನ್ನು ಮುಂದಿನ ವರ್ಷ ತಗ್ಗಿಸುವುದು ಲೇಸು. ಮುದಿ ಗಿಡಕ್ಕೂ ಇದೇ ಕ್ಷೇಮ. ಹೊರಮುಖವಾಗಿರುವ ಒಂದು ಮೊಗ್ಗಿನ ಮೇಲೆ, ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಬೇಕು. ಕತ್ತರಿ ಹರಿತವಾಗಿರಲಿ, ಜಜ್ಜಿದ ಗಾಯ ಕೊಳೆಯುತ್ತದೆ.

ಕೆಳಗೆ ಬಿದ್ದ ಟೊಂಗೆಯಲ್ಲಿ ತೀರ ಎಳೆಯ ಹಸಿರು ತುದಿಯನ್ನೂ ತೀರ ಬಲಿತ ಬುಡವನ್ನೂ ಬಿಟ್ಟು, ಪೆನ್ಸಿಲಿನ ಗಾತ್ರದ ನಡುಭಾಗವನ್ನು ಆರರಿಂದ ಎಂಟು ಅಂಗುಲದ ಕಡ್ಡಿಗಳಾಗಿ ಮಾಡಬೇಕು. ಕೆಳಗಿನ ಕಚ್ಚು ಗೆಣ್ಣಿಗೆ ತಾಗಿ, ಓರೆಯಾಗಿರಲಿ, ಮೇಲಿನದು ನೆಟ್ಟಗಿರಲಿ. ಈ ಗುರುತು ಇಲ್ಲದಿದ್ದರೆ ಕಡ್ಡಿಯನ್ನು ತಲೆಕೆಳಗಾಗಿ ಊರುವುದುಂಟು, ಮತ್ತು ಕಡ್ಡಿಗೆ ತನ್ನ ತಲೆ ಯಾವುದು, ಬುಡ ಯಾವುದೆಂಬುದು ಎಂದಿಗೂ ಮರೆಯುವುದಿಲ್ಲ. ಹಿಟ್ಟುತಿಗಣೆ ಹತ್ತಿದ ಟೊಂಗೆಯನ್ನು ಮುಟ್ಟಲೇಬಾರದು. ಹೂ, ಮೊಗ್ಗುಗಳನ್ನು ಚಿವುಟಿ, ಮೇಲಿನ ಎರಡು ಎಲೆಗಳನ್ನು ಮಾತ್ರ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿದರೆ ನೀರು ಆರುವುದು ಕಡಿಮೆಯಾಗುತ್ತದೆ.

ಇನ್ನು ಊರುವುದು. ನಮ್ಮ ಎರೆಮಣ್ಣು ಜೋಳಕ್ಕೆ ಹತ್ತಿಗೆ ತಾಯಿ, ಕಡ್ಡಿಗೆ ಮಾತ್ರ ಮಲತಾಯಿ. ನೀರು ಹಿಡಿದಿಟ್ಟು ಗಾಳಿಯನ್ನು ತಡೆಯುತ್ತದೆ. ಬೇರು ಬರುವ ಮೊದಲೇ ಬುಡ ಕಪ್ಪಾಗುತ್ತದೆ. ಐರಣಿಯವರಿಗೆ ಇದಕ್ಕೆ ಪರಿಹಾರ ಹೊಳೆಯಲ್ಲಿಯೇ ಇದೆ. ಒಂದು ಬುಟ್ಟಿ ಉಸುಕನ್ನು ಎರಡು ಮೂರು ಸಲ ತೊಳೆದು ಕುಂಡಕ್ಕೆ ತುಂಬಿದರೆ ಸಾಕು. ಗೊಬ್ಬರ ಬೇಡ, ಬೇರಿಲ್ಲದ ಕಡ್ಡಿ ಉಣ್ಣಲಾರದು. ಎರಡು ಗೆಣ್ಣು ಉಸುಕಿನೊಳಗೆ ಹೋಗುವಂತೆ ಊರಿ, ಸುತ್ತ ಒತ್ತಿ, ಬೆಳಕಿರುವ ನೆರಳಿನಲ್ಲಿ ಇಡಬೇಕು. ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ, ದಿನಕ್ಕೊಮ್ಮೆ ಗಾಳಿಯಾಡಲು ತೆಗೆಯಬೇಕು.

ಇಲ್ಲೊಂದು ಚೋದ್ಯವಿದೆ. ತಾಯಿಗಿಡವನ್ನು ಬೋಳು ಮಾಡಿದ ಅದೇ ಆಕ್ಸಿನ್, ಕಡ್ಡಿಯ ಮೊಗ್ಗು ಎಲೆಗಳಿಂದ ಇಳಿದು, ಮುಂದೆ ದಾರಿಯಿಲ್ಲದೆ ಬುಡದಲ್ಲಿ ಮಡುಗಟ್ಟುತ್ತದೆ. ಅಲ್ಲಿ ಬೇರನ್ನು ಹೊರಡಿಸುವುದು ಅದೇ. ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯೆಂಬುದು ಇದೇ ಬಗೆಯ ದ್ರವ್ಯದ ಕೃತಕ ರೂಪ. ಹಟಮಾರಿ ಗಿಡಗಳಿಗೆ ಅದು ಬೇಕಾದೀತು. ಸಾಮಾನ್ಯ ದಾಸವಾಳಕ್ಕೆ ಕಾಸು ಕಳೆಯುವುದು ಅನಾವಶ್ಯಕ.

ಹದಿನೈದು ದಿನಕ್ಕೆ ಚಿಗುರು ಕಂಡಿತೆಂದು ಹಿಗ್ಗಬಾರದು. ಕಡ್ಡಿ ತನ್ನೊಳಗೆ ಕೂಡಿಟ್ಟುಕೊಂಡ ಗಂಟನ್ನೇ ಕರಗಿಸಿ ಚಿಗುರುತ್ತದೆ. ಬೇರು ಆಗ ಇಲ್ಲದೆಯೂ ಇರಬಹುದು. ಬಿಸಿಲಿಗಿಟ್ಟರೆ ಎರಡೇ ದಿನದಲ್ಲಿ ಆ ಚಿಗುರು ಜೋತುಬೀಳುತ್ತದೆ. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಚಪಲವಂತೂ ಶುದ್ಧ ಶಿಶುಹತ್ಯೆ. ಆರು ವಾರ ತಡೆದು, ಕುಂಡದ ತಳದ ತೂತಿನಲ್ಲಿ ಬಿಳಿಯ ಎಳೆ ಕಂಡ ಮೇಲೆ ಮಣ್ಣಿಗೆ ಬದಲಿಸಬೇಕು.

ಎಲ್ಲ ಗಿಡಗಳ ಸ್ವಭಾವವೂ ಒಂದೇ ಅಲ್ಲ. ಸೇವಂತಿಗೆ, ಕೋಲಿಯಸ್‌ಗಳ ಎಳೆಯ ತುದಿಯೇ ಬೇಗ ಬೇರು ಬಿಡುತ್ತದೆ. ದೇವಕಣಗಿಲೆಯ ಹಾಲು ಆರುವವರೆಗೆ ಕೊಂಬೆಯನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸಬೇಕು. ಕಣಗಿಲೆ ಸವರಿದವರು ಕೈ ತೊಳೆದುಕೊಳ್ಳಲಿ, ಆ ಕಡ್ಡಿಗಳನ್ನು ಒಲೆಗೆ ಹಾಕದಿರಲಿ; ಅದರ ಹೊಗೆಯೂ ವಿಷ. ದುಂಡುಮಲ್ಲಿಗೆಯನ್ನು ಸವರುವ ಕಾಲ ಮಳೆಗಾಲವಲ್ಲ, ನವೆಂಬರ್ ಕೊನೆ; ನೀರು ಕಟ್ಟಿ, ಒಂದೂವರೆ ಅಡಿಗೆ ತಗ್ಗಿಸಿದರೆ ಬೇಸಿಗೆಗೆ ಮೈತುಂಬ ಮೊಗ್ಗು. ಕಾಗದದ ಹೂವಿನಲ್ಲಿ ಮಾತ್ರ ಟೊಂಗೆಯನ್ನು ಆರಿಸಿ ತೆಗೆಯಬೇಕು. ಒಂದೇ ಗಿಡದಲ್ಲಿ ಬಿಳಿ, ಕೆಂಪು ಎರಡೂ ಬಿಡುವ ‘ಮೇರಿ ಪಾಮರ್’ ತಳಿ 1949ರಲ್ಲಿ ಕಲ್ಕತ್ತೆಯಲ್ಲಿ ಬೇರೊಂದು ತಳಿಯ ಗಿಡದ ಒಂದು ಟೊಂಗೆಯಲ್ಲಿ ತಾನಾಗಿ ಮೂಡಿತು. ಆ ಟೊಂಗೆಯಿಂದ ಕಡ್ಡಿ ತೆಗೆದುದರಿಂದಲೇ ಅದು ಇಂದು ಊರೂರಲ್ಲಿದೆ.

ನೆರೆಯವರ ಆ ಮುದಿ ದಾಸವಾಳ ಮರುವರ್ಷದ ಬೇಸಿಗೆಯನ್ನು ದಾಟಲಿಲ್ಲ. ಅವರ ಐದು ಸಸಿಗಳಲ್ಲಿ ಒಂದು ಅದೇ ಗುಣಿಯ ಬದಿಯಲ್ಲಿ ಹೂ ಬಿಟ್ಟಿದೆ. ಒಂದನ್ನು ಮೊಮ್ಮಗಳು ಹಾವೇರಿಗೆ ಒಯ್ದಳು, ಎರಡು ಓಣಿಯವರ ಪಾಲಾದವು, ಒಂದು ನನ್ನ ಅಂಗಳದಲ್ಲಿದೆ. ಅದೂ ಈಗ ಗೋಡೆಯೆತ್ತರ ಬಂದಿದೆ; ಈ ಸಲ ಆರಿದ್ರಾ ಹಿಡಿದೊಡನೆ ಸವರುವವನಿದ್ದೇನೆ.