ಆ ಮನೆಯ ನಾಲ್ಕನೇ ಗೋಡೆ

"ಟೀಚರ್, ಈ ಕಾದಂಬರಿಯ ಸಿನಿಮಾ ಬಂದಿದೆಯಲ್ಲಾ? ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಮತ್ತೆ ಓದುವುದೇಕೆ?"

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನಲ್ಲಿ ಕೇಳಿದ ಪ್ರಶ್ನೆಯಿದು. ಪುಸ್ತಕಗಳನ್ನು ಸುಡುವ ದೇಶವೊಂದರ ಕಥೆಯನ್ನು ಅಂದು ತರಗತಿಯಲ್ಲಿ ಹೇಳಿದ್ದೆ. ಓದಿದರೆ ಭಾಷೆ ಚೆನ್ನಾಗುತ್ತದೆ ಎಂಬ ಮಾಮೂಲಿ ಉತ್ತರ ಕೊಟ್ಟು ಅವಳನ್ನು ಕಳುಹಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಕಾದಂಬರಿಯನ್ನೂ ಅದರಿಂದ ತಯಾರಾದ ಎರಡು ಸಿನಿಮಾಗಳನ್ನೂ ಜೊತೆಗಿಟ್ಟು ನೋಡಿದ ಮೇಲೆ ಬೇರೆಯೇ ಉತ್ತರ ಸಿಕ್ಕಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಕಾದಂಬರಿಯ ಹೆಸರು 'ಫ್ಯಾರನ್‌ಹೀಟ್ 451'. ಕಾಗದಕ್ಕೆ ಬೆಂಕಿ ಹತ್ತಿಕೊಳ್ಳುವ ಉಷ್ಣತೆಯೆಂದು ಲೇಖಕರು ಆರಿಸಿಕೊಂಡ ಅಂಕೆಯಿದು. ಬರೆದವರು ಅಮೆರಿಕದ ರೇ ಬ್ರಾಡ್ಬರಿ. ಪ್ರಕಟವಾದದ್ದು 1953ರಲ್ಲಿ. ಬ್ರಾಡ್ಬರಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬಡತನದಿಂದಾಗಿ ಗ್ರಂಥಾಲಯವೇ ಅವರ ಕಾಲೇಜಾಯಿತು. ಈ ಕಥೆಯ ಮೊದಲ ರೂಪವನ್ನು ಅವರು ಬರೆದದ್ದೂ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯವೊಂದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಮನೆಯಲ್ಲಿ ಪುಟ್ಟ ಮಗು, ಬೇರೆ ಕೋಣೆ ಬಾಡಿಗೆಗೆ ಹಿಡಿಯಲು ಹಣವಿಲ್ಲ. ಅರ್ಧ ಗಂಟೆಗೆ ಹತ್ತು ಸೆಂಟ್ ನಾಣ್ಯ ಹಾಕಿದರೆ ನಡೆಯುವ ಟೈಪ್‌ರೈಟರ್‌ಗಳು ಅಲ್ಲಿದ್ದವು. ಒಟ್ಟು ಖರ್ಚಾದದ್ದು 9 ಡಾಲರ್ 80 ಸೆಂಟ್ ಎಂದು ಅವರೇ ಹೇಳಿಕೊಂಡಿದ್ದಾರೆ.

ಕಥಾನಾಯಕ ಮೋಂಟಾಗ್ ಅಗ್ನಿಶಾಮಕ ದಳದವನು. ಆದರೆ ಆ ಕಾಲದಲ್ಲಿ ಮನೆಗಳಿಗೆ ಬೆಂಕಿ ತಗಲುವುದಿಲ್ಲ. ಹಾಗಾಗಿ ಅವನ ಕೆಲಸ ಬೆಂಕಿ ಆರಿಸುವುದಲ್ಲ, ಹಚ್ಚುವುದು! ಯಾರ ಮನೆಯಲ್ಲಿ ಪುಸ್ತಕವಿದೆಯೋ ಅಲ್ಲಿಗೆ ಹೋಗಿ ಸುಟ್ಟು ಬರುವುದು. ಒಂದು ದಿನ ವೃದ್ಧೆಯೊಬ್ಬಳು ಮನೆ ಬಿಟ್ಟು ಹೊರಬರಲು ಒಪ್ಪದೆ ತನ್ನ ಪುಸ್ತಕಗಳ ಜೊತೆಯಲ್ಲೇ ಸುಟ್ಟು ಹೋಗುತ್ತಾಳೆ. ಪ್ರಾಣ ಕೊಡುವಷ್ಟು ಅವುಗಳಲ್ಲಿ ಏನಿದೆ ಎಂಬ ಪ್ರಶ್ನೆ ಅಂದಿನಿಂದ ಮೋಂಟಾಗ್‌ನನ್ನು ಬಿಡುವುದಿಲ್ಲ.

ಆದರೆ ನಾನು ನಿಮಗೆ ಪರಿಚಯಿಸಬೇಕಾದದ್ದು ಅವನ ಹೆಂಡತಿ ಮಿಲ್ಡ್ರೆಡ್‌ಳನ್ನು.

ಅವಳ ಕೋಣೆಯ ಮೂರು ಗೋಡೆಗಳೂ ಟಿ.ವಿ. ಪರದೆಗಳು. ಅದರೊಳಗೆ ಸದಾ ಮಾತನಾಡುತ್ತಿರುವ ಪಾತ್ರಗಳನ್ನು ಅವಳು 'ಕುಟುಂಬ' ಎಂದೇ ಕರೆಯುತ್ತಾಳೆ. ರಾತ್ರಿ ಮಲಗುವಾಗಲೂ ಕಿವಿಯೊಳಗೆ ಕಪ್ಪೆಚಿಪ್ಪಿನಷ್ಟು ಪುಟ್ಟ ರೇಡಿಯೋ. ನಾಲ್ಕನೇ ಗೋಡೆಗೂ ಪರದೆ ಹಾಕಿಸಿಕೊಡು ಎಂದು ಗಂಡನನ್ನು ಕಾಡುತ್ತಾಳೆ. ಅದರ ಬೆಲೆ ಅವನ ವರ್ಷದ ಸಂಬಳದ ಮೂರನೇ ಒಂದು ಪಾಲು! ಒಂದು ರಾತ್ರಿ ಅವಳು ಲೆಕ್ಕವಿಲ್ಲದಷ್ಟು ನಿದ್ದೆ ಮಾತ್ರೆ ನುಂಗಿ ಬಿದ್ದಿರುತ್ತಾಳೆ. ಬರುವವರು ವೈದ್ಯರಲ್ಲ, ಯಂತ್ರ ಹಿಡಿದ ಇಬ್ಬರು ಕೆಲಸಗಾರರು. ಇಂಥ ಪ್ರಕರಣಗಳು ರಾತ್ರಿಗೆ ಒಂಬತ್ತು ಹತ್ತು ಇರುತ್ತವೆ ಎನ್ನುತ್ತಾ ಅವಳ ರಕ್ತ ಬದಲಿಸಿ ಹೊರಟು ಹೋಗುತ್ತಾರೆ. ಬೆಳಿಗ್ಗೆ ಅವಳಿಗೆ ಏನೂ ನೆನಪಿಲ್ಲ. ತಾವಿಬ್ಬರೂ ಮೊದಲು ಭೇಟಿಯಾದದ್ದು ಎಲ್ಲಿ ಎಂದು ಗಂಡ ಕೇಳಿದರೆ ಅದೂ ನೆನಪಿಲ್ಲ. ಕೊನೆಗೆ ಗಂಡನ ಬಳಿ ಪುಸ್ತಕಗಳಿವೆ ಎಂದು ದೂರು ಕೊಡುವವಳೂ ಅವಳೇ.

1953ರಲ್ಲಿ ಬರೆದ ಕಥೆಯಿದು ಎಂಬುದನ್ನು ಮರೆಯದಿರಿ!

ಇನ್ನು ಸಿನಿಮಾಗಳಿಗೆ ಬರೋಣ. ಮೊದಲನೆಯದು 1966ರದ್ದು. ನಿರ್ದೇಶಕ ಫ್ರಾನ್ಸಿನ ಫ್ರಾಂಸ್ವಾ ತ್ರುಫೋ. ಅವರ ಮೊದಲ ವರ್ಣಚಿತ್ರ ಹಾಗೂ ಅವರು ಮಾಡಿದ ಏಕೈಕ ಇಂಗ್ಲಿಷ್ ಚಿತ್ರವೂ ಅದೇ. ಚಿತ್ರ ಶುರುವಾಗುವಾಗ ಕಲಾವಿದರ ಹೆಸರುಗಳು ಪರದೆಯ ಮೇಲೆ ಮೂಡುವುದಿಲ್ಲ, ಒಂದು ಧ್ವನಿ ಅವುಗಳನ್ನು ಹೇಳುತ್ತಾ ಹೋಗುತ್ತದೆ. ಓದು ನಿಷೇಧವಾದ ಲೋಕದಲ್ಲಿ ಅಕ್ಷರಕ್ಕೇನು ಕೆಲಸ? ಮೋಂಟಾಗ್ ಓದುವ ಪತ್ರಿಕೆಯಲ್ಲೂ ಬರೀ ಚಿತ್ರಗಳೇ. ಹೆಂಡತಿ ಇಲ್ಲಿಯೂ ಇದ್ದಾಳೆ, ಹೆಸರು ಮಾತ್ರ ಲಿಂಡಾ. ಪುಸ್ತಕದ ಕಡೆಗೆ ಮೋಂಟಾಗ್‌ನನ್ನು ಎಳೆಯುವ ಕ್ಲಾರಿಸ್ ಎಂಬ ತರುಣಿಯ ಪಾತ್ರವನ್ನೂ ಲಿಂಡಾಳ ಪಾತ್ರವನ್ನೂ ಜೂಲಿ ಕ್ರಿಸ್ಟಿ ಎಂಬ ಒಬ್ಬಳೇ ನಟಿ ಮಾಡಿದ್ದಾಳೆ. ಒಂದೇ ಮುಖ, ಎರಡು ಬದುಕು. ಕಾದಂಬರಿಯಲ್ಲಿ ಕ್ಲಾರಿಸ್ ನಡುವೆಯೇ ಕಾಣೆಯಾಗುತ್ತಾಳೆ, ಸಿನಿಮಾದಲ್ಲಿ ಬದುಕುಳಿಯುತ್ತಾಳೆ. ಈ ಬದಲಾವಣೆ ಬ್ರಾಡ್ಬರಿಗೆ ಸರಿಯೆನಿಸಿತು. ಮುಂದೆ ಇದೇ ಕಥೆಯನ್ನು ನಾಟಕವಾಗಿ ಬರೆದಾಗ ಅವರೂ ಅವಳನ್ನು ಉಳಿಸಿಕೊಂಡರು.

ಎರಡನೆಯದು 2018ರಲ್ಲಿ ಅಮೆರಿಕದ ಎಚ್‌ಬಿಓ ವಾಹಿನಿಗಾಗಿ ರಮೀನ್ ಬಹರಾನಿ ನಿರ್ದೇಶಿಸಿದ ಚಿತ್ರ. ಮೋಂಟಾಗ್ ಆಗಿ ಮೈಕಲ್ ಬಿ. ಜೋರ್ಡಾನ್ ನಟಿಸಿದ್ದಾರೆ. ಪುಸ್ತಕ ಸುಡುವುದು ಇಲ್ಲಿ ಎತ್ತರದ ಕಟ್ಟಡಗಳ ಮೇಲಿನ ಬೃಹತ್ ಪರದೆಗಳಲ್ಲಿ ನೇರ ಪ್ರಸಾರವಾಗುತ್ತದೆ. ಎಲ್ಲವೂ ನಮ್ಮ ಮೊಬೈಲ್ ಯುಗಕ್ಕೆ ತಕ್ಕಂತೆ ಇದೆ. ಆದರೆ ಹೆಂಡತಿ ಇಲ್ಲ! ಈ ಮೋಂಟಾಗ್ ಒಂಟಿ.

ಒಂದು ಪಾತ್ರ ಹೋದರೆ ಏನಾಯಿತು ಎಂದು ನೀವು ಕೇಳಬಹುದು. ಎಲ್ಲವೂ ಹೋಯಿತು ಎನ್ನುತ್ತೇನೆ. ಏಕೆಂದರೆ ಕಾದಂಬರಿಯಲ್ಲಿ ದಳದ ಮುಖ್ಯಸ್ಥ ಬೀಟಿ ಹೇಳುವ ಬಹುಮುಖ್ಯ ಸಂಗತಿಯೊಂದಿದೆ. ಇದು ಮೇಲಿನಿಂದ, ಸರಕಾರದಿಂದ ಆರಂಭವಾದದ್ದಲ್ಲ. ಜನರೇ ಮೊದಲು ಓದುವುದನ್ನು ಬಿಟ್ಟರು. ದಪ್ಪ ಪುಸ್ತಕ ತೆಳ್ಳಗಾಯಿತು, ತೆಳ್ಳಗಿನದು ಸಾರಾಂಶವಾಯಿತು, ಸಾರಾಂಶ ಎರಡು ಸಾಲಾಯಿತು. ಬೆಂಕಿ ಬಂದದ್ದು ಕೊನೆಗೆ. ಈ ಮಾತಿಗೆ ಸಾಕ್ಷಿಯಾಗಿ ನಿಂತವಳೇ ಮಿಲ್ಡ್ರೆಡ್. ಅವಳಿಗೆ ಯಾರೂ ಬಲವಂತ ಮಾಡಿರಲಿಲ್ಲ. ಅವಳನ್ನು ತೆಗೆದುಬಿಟ್ಟರೆ ತಪ್ಪೆಲ್ಲ ಅಧಿಕಾರದಲ್ಲಿರುವವರದ್ದೇ ಎಂದಾಗುತ್ತದೆ. ಮನೆಯೊಳಗೆ ಕುಳಿತ ನಾವು ನಿರಪರಾಧಿಗಳಾಗುತ್ತೇವೆ. ನೋಡಲು ಎಷ್ಟು ನೆಮ್ಮದಿ ಅಲ್ಲವೇ?

ಇನ್ನೊಂದು ಸ್ವಾರಸ್ಯ ಕೇಳಿ. ಈ ಪುಸ್ತಕಕ್ಕೇ ಒಮ್ಮೆ ಕತ್ತರಿ ಬಿದ್ದಿತ್ತು. ಶಾಲಾ ಮಕ್ಕಳಿಗಾಗಿ ಹೊರತಂದ ಆವೃತ್ತಿಯಲ್ಲಿ ಪ್ರಕಾಶಕರು ಲೇಖಕರಿಗೆ ತಿಳಿಸದೆ ಸುಮಾರು 75 ಕಡೆ ತಿದ್ದುಪಡಿ ಮಾಡಿದ್ದರು. ವರ್ಷಗಟ್ಟಲೆ ಬ್ರಾಡ್ಬರಿಗೆ ಅದು ಗೊತ್ತೇ ಇರಲಿಲ್ಲ. ಅವರಿಗೆ ಪತ್ರ ಬರೆದು ತಿಳಿಸಿದವರು ವಿದ್ಯಾರ್ಥಿಗಳು! ಕೊನೆಗೆ ಮೂಲ ಪಠ್ಯವೇ ಮರಳಿ ಅಚ್ಚಾಯಿತು. ಓದಿದವರಿಗೆ ಮಾತ್ರ ಏನು ಕಾಣೆಯಾಗಿದೆ ಎಂದು ತಿಳಿಯುತ್ತದೆ. 2018ರ ಚಿತ್ರವನ್ನು ಮಾತ್ರ ನೋಡಿದವರಿಗೆ ಮಿಲ್ಡ್ರೆಡ್ ಎಂಬವಳೊಬ್ಬಳು ಇದ್ದಳು ಎಂಬುದೇ ಗೊತ್ತಾಗದು.

ಹಾಗಾದರೆ ಸಿನಿಮಾ ನೋಡಲೇಬಾರದೇ? ಹಾಗೆ ನಾನು ಹೇಳಲಾರೆ. ತ್ರುಫೋ ಅವರ ಚಿತ್ರದ ಕೊನೆಯ ದೃಶ್ಯ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಮನಸ್ಸಿಗೆ ನಾಟುತ್ತದೆ. ಕಾಡಿನಲ್ಲಿ ಒಂದಷ್ಟು ಜನ. ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ತಾವೇ ಪುಸ್ತಕವಾಗಿದ್ದಾರೆ. ಸಾಯಲಿರುವ ಅಜ್ಜ ತಾನು ಹೊತ್ತ ಪುಸ್ತಕವನ್ನು ಹುಡುಗನಿಗೆ ಸಾಲು ಸಾಲಾಗಿ ಒಪ್ಪಿಸುತ್ತಾನೆ. ಹುಡುಗ ತಡವರಿಸುತ್ತಾನೆ, ಅಜ್ಜ ತಿದ್ದುತ್ತಾನೆ. ಹಿಮ ಬೀಳುವ ಹೊತ್ತಿಗೆ ಅಜ್ಜ ಇಲ್ಲ, ಹುಡುಗನ ಬಾಯಲ್ಲಿ ಪುಸ್ತಕವಿದೆ. ಉಸ್ತಾದರ ಮುಂದೆ ಕುಳಿತು ಹಿಫ್ಝ್ ಒಪ್ಪಿಸುವ ಮಕ್ಕಳನ್ನು ದಿನವೂ ಕಾಣುವ ನಮಗೆ ಇದೇನೂ ವಿಚಿತ್ರ ಕಲ್ಪನೆಯಲ್ಲ. ಕಾಗದವನ್ನು ಸುಡಬಹುದು, ಎದೆಯಲ್ಲಿರುವುದನ್ನು ಸುಡಲಾಗದು ಎಂಬುದು ನಮಗೆ ಬಾಲ್ಯದಿಂದಲೇ ತಿಳಿದಿದೆ.

ಮರುವಾರ ಆ ಹುಡುಗಿಯನ್ನು ಕರೆದು ಹೇಳಿದೆ, "ಸಿನಿಮಾ ನೋಡು, ಪುಸ್ತಕವನ್ನೂ ಓದು. ಮತ್ತೆ ಸಿನಿಮಾದಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ನನಗೆ ಬಂದು ಹೇಳು." ಅವಳು ಪುಸ್ತಕ ಕೊಂಡೊಯ್ದಳು. ಇಪ್ಪತ್ತು ದಿನ ಕಳೆದು ಬಂದವಳು ಕಾಣೆಯಾದವರ ಸುದ್ದಿಯನ್ನೇ ಎತ್ತಲಿಲ್ಲ. "ಟೀಚರ್, ಮಿಲ್ಡ್ರೆಡ್ ನಮ್ಮ ಮನೆಯಲ್ಲೂ ಇದ್ದಾಳೆ" ಎಂದಳು. ಯಾರು ಎಂದು ಕೇಳಿದೆ. "ನಾನೇ" ಎಂದು ನಕ್ಕಳು.

ಸಹೋದರಿಯರೇ, ಆ ಮಗುವಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಈ ರಾತ್ರಿ ಮಕ್ಕಳು ಮಲಗಿದ ಮೇಲೆ ನಿಮ್ಮ ಮನೆಯ ಗೋಡೆಗಳನ್ನೊಮ್ಮೆ ಎಣಿಸಿ ನೋಡಿ. ಕೈಯಲ್ಲಿರುವ ಪುಟ್ಟ ಪರದೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಗೋಡೆಯಾದರೂ ಪುಸ್ತಕದ ಕಪಾಟಿಗೆ ಉಳಿದಿದೆಯೇ?